ಅಜೈಲ್ ಕಾರ್ಯವಿಧಾನ: ಅಳವಡಿಕೆಯಲ್ಲಿ ತಂಡಗಳು ಎಡವುವ ಜಾಗಗಳು

ತಂತ್ರಾಂಶವನ್ನು ಸಣ್ಣ ಕಂತುಗಳಲ್ಲಿ ಕಟ್ಟುವುದು, ಪ್ರತಿ ಕಂತನ್ನೂ ಬಳಸುವವರ ಮುಂದಿಡುವುದು, ಅಲ್ಲಿ ಗೊತ್ತಾದದ್ದನ್ನು ನೋಡಿಕೊಂಡು ಮುಂದಿನ ಕೆಲಸ ತೀರ್ಮಾನಿಸುವುದು: ಈ ಕ್ರಮವನ್ನು ಹಿಡಿದ ಹಲವು ಪದ್ಧತಿಗಳಿಗೆ ಒಟ್ಟಾಗಿ ಅಜೈಲ್ ಎಂದು ಹೆಸರು. ಸ್ಕ್ರಮ್, ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್, ಕಾನ್‌ಬಾನ್ ಇದರ ಮುಖ್ಯ ಕವಲುಗಳು. ತಂತ್ರಾಂಶ ತಯಾರಿಕೆಯಲ್ಲಿ ಹುಟ್ಟಿದ ಈ ಪದ್ಧತಿ ಇಂದು ಬ್ಯಾಂಕು, ವಿಮೆ, ದೂರಸಂಪರ್ಕ, ಸರ್ಕಾರಿ ಇಲಾಖೆಗಳವರೆಗೆ ಹರಡಿದೆ. ಹರಡಿದಷ್ಟೇ ನಿರಾಸೆಯನ್ನೂ ಉಂಟುಮಾಡಿದೆ. ತಂಡಗಳು ಎಡವುವ ರೀತಿ ಹಲವು. ಹೆಚ್ಚಿನವಕ್ಕೆ ಬೇರು ಒಂದೇ. ಅಜೈಲ್‌ನ ವೇಳಾಪಟ್ಟಿಯನ್ನು ಸಂಸ್ಥೆ ಒಪ್ಪಿಕೊಳ್ಳುತ್ತದೆ, ಆದರೆ ಕಲಿತದ್ದರ ಮೇಲೆ ಯೋಜನೆಯನ್ನು ಬದಲಿಸುವ ಅಧಿಕಾರವನ್ನು ತಂಡಕ್ಕೆ ಕೊಡುವುದಿಲ್ಲ. ಏನು ತಿಳಿದುಬಂದರೂ ಯೋಜನೆ ಅಲ್ಲಾಡದು ಎಂದಮೇಲೆ ಎರಡು ವಾರಕ್ಕೊಮ್ಮೆ ಸೇರುವುದು ಬರೀ ಕಾಟಾಚಾರ.

ಹಿನ್ನೆಲೆ

ಅಜೈಲ್‌ಗೆ ಎದುರಾಗಿ ಸಾಮಾನ್ಯವಾಗಿ ನಿಲ್ಲಿಸುವ ಮಾದರಿ ವಾಟರ್‌ಫಾಲ್. ಅಗತ್ಯಗಳ ಪಟ್ಟಿ, ವಿನ್ಯಾಸ, ಕೋಡಿಂಗ್, ಪರೀಕ್ಷೆ, ಹೀಗೆ ಒಂದು ಪೂರ್ತಿ ಮುಗಿದಮೇಲೆ ಇನ್ನೊಂದು. ಇದರ ಮೂಲವೆಂದು ಎಲ್ಲರೂ ಬೊಟ್ಟುಮಾಡುವುದು ವಿನ್ಸ್‌ಟನ್ ರಾಯ್ಸ್ 1970ರಲ್ಲಿ ಬರೆದ ಪ್ರಬಂಧವನ್ನು. ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಚಿತ್ರ ಅದರಲ್ಲಿ ಇರುವುದು ನಿಜ. ಹೀಗೆ ಸಾಗುವುದು ಅಪಾಯಕಾರಿ, ಕೊನೆಯ ಪರೀಕ್ಷೆಯಲ್ಲಿ ದೋಷ ಸಿಕ್ಕರೆ ವಿನ್ಯಾಸಕ್ಕೇ ಮರಳಬೇಕಾಗುತ್ತದೆ ಎಂದು ರಾಯ್ಸ್ ಅದೇ ಪ್ರಬಂಧದಲ್ಲಿ ಎಚ್ಚರಿಸಿರುವುದೂ ಅಷ್ಟೇ ನಿಜ. ವಾಟರ್‌ಫಾಲ್ ಎಂಬ ಪದ ಅದರಲ್ಲಿ ಎಲ್ಲೂ ಇಲ್ಲ. ಚಿತ್ರವನ್ನು ನೋಡಿ ಬರಹವನ್ನು ಬಿಟ್ಟ ಉದ್ಯಮ, ಮೂವತ್ತು ವರ್ಷದ ನಂತರ ಅಜೈಲ್ ವಿಷಯದಲ್ಲೂ ಅದೇ ತಪ್ಪನ್ನು ಮಾಡಿತು.

ಸ್ಕ್ರಮ್ ಎಂಬ ರಗ್ಬಿ ಆಟದ ಪದವನ್ನು ಉತ್ಪನ್ನ ತಯಾರಿಕೆಗೆ ತಂದವರು ಜಪಾನಿನ ಹಿರೊತಾಕಾ ತಾಕೆಯುಚಿ ಮತ್ತು ಇಕುಜಿರೊ ನೊನಾಕಾ. ಹೊಂಡಾ, ಕ್ಯಾನನ್, ಫ್ಯೂಜಿ-ಜೆರಾಕ್ಸ್ ತಂಡಗಳನ್ನು ಗಮನಿಸಿ 1986ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂಗೆ ಅವರು ಬರೆದ ಲೇಖನ ಇದಕ್ಕೆ ಮೂಲ. 1993ರಲ್ಲಿ ಜೆಫ್ ಸದರ್‌ಲ್ಯಾಂಡ್ ಅಮೆರಿಕದ ಈಸೆಲ್ ಕಾರ್ಪೊರೇಷನ್ನಿನಲ್ಲಿ ಮೊದಲ ಸ್ಕ್ರಮ್ ತಂಡ ನಡೆಸಿದರು. 1995ರಲ್ಲಿ ಕೆನ್ ಶ್ವೇಬರ್ ಜೊತೆ ಸೇರಿ ಪದ್ಧತಿಯನ್ನು ಸಾರ್ವಜನಿಕವಾಗಿ ಮಂಡಿಸಿದರು. ಅದೇ ಹೊತ್ತಿಗೆ ಕ್ರೈಸ್ಲರ್ ಕಾರು ಕಂಪನಿಯ ಸಂಬಳ ಲೆಕ್ಕದ ಯೋಜನೆಯಲ್ಲಿ ಕೆಂಟ್ ಬೆಕ್ ಮತ್ತು ಸಂಗಡಿಗರು ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗನ್ನು ರೂಪಿಸುತ್ತಿದ್ದರು. 2001ರ ಫೆಬ್ರುವರಿ 11ರಿಂದ 13ರವರೆಗೆ ಯೂಟಾದ ಸ್ನೋಬರ್ಡ್ ಎಂಬ ಹಿಮಕ್ರೀಡಾ ತಾಣದಲ್ಲಿ 17 ಜನ ಸೇರಿ ಇವೆಲ್ಲಕ್ಕೂ ಒಪ್ಪುವ ಒಂದು ಘೋಷಣೆ ಬರೆದರು: ನಾಲ್ಕು ಮೌಲ್ಯ, 12 ತತ್ವ. ವಿಧಿವಿಧಾನಕ್ಕಿಂತ ಜನ ಮುಖ್ಯ, ದಾಖಲೆಯ ರಾಶಿಗಿಂತ ನಡೆಯುವ ತಂತ್ರಾಂಶ ಮುಖ್ಯ, ಕರಾರಿನ ಚೌಕಾಶಿಗಿಂತ ಗ್ರಾಹಕರ ಸಹಕಾರ ಮುಖ್ಯ, ಯೋಜನೆಗೆ ಜೋತುಬೀಳುವುದಕ್ಕಿಂತ ಬದಲಾವಣೆಗೆ ಒಗ್ಗುವುದು ಮುಖ್ಯ ಎಂಬುದು ಅದರ ಸಾರ. ದಾಖಲೆ ಬೇಡ, ಯೋಜನೆ ಬೇಡ ಎಂದು ಅವರು ಬರೆದಿಲ್ಲ. ಅವಕ್ಕೂ ಬೆಲೆ ಇದೆ ಎಂದು ಸ್ಪಷ್ಟವಾಗಿಯೇ ಬರೆದಿದ್ದಾರೆ. ‘ನಾವು ಅಜೈಲ್, ಹಾಗಾಗಿ ಡಾಕ್ಯುಮೆಂಟ್ ಇಲ್ಲ’ ಎನ್ನುವ ತಂಡ ಮೊದಲ ಪುಟದಲ್ಲೇ ಎಡವಿರುತ್ತದೆ.

ನಿಂತು ನಡೆಸುವ ಹಾಜರಿ

ಬೆಂಗಳೂರಿನ ಟೆಕ್ ಪಾರ್ಕುಗಳಲ್ಲಿ ಬೆಳಗ್ಗೆ ಹತ್ತೂವರೆಗೆ ದಿನವೂ ಕಾಣುವ ದೃಶ್ಯ ಇದು. ಗೋಡೆಯ ಪರದೆಯ ಮುಂದೆ ಒಂಬತ್ತು ಜನ ಅರ್ಧಚಂದ್ರಾಕಾರವಾಗಿ ನಿಂತಿದ್ದಾರೆ. ಪರದೆಯ ಮೇಲೆ, ಟಿಕೆಟ್ ಎಂಬ ಕೆಲಸದ ತುಣುಕುಗಳನ್ನು ತೋರಿಸುವ ಜಿರಾ ಬೋರ್ಡು. ಮ್ಯಾನೇಜರ್ ಒಬ್ಬೊಬ್ಬರ ಹೆಸರು ಕರೆಯುತ್ತಾರೆ. “ನಿನ್ನೆ ಪೇಮೆಂಟ್ ಟಿಕೆಟ್ ಮೇಲಿದ್ದೆ, ಇವತ್ತೂ ಅದ್ರ ಮೇಲೇ ಇರ್ತೀನಿ, ಬ್ಲಾಕರ್ ಏನಿಲ್ಲ” ಎನ್ನುತ್ತಾನೆ ಒಬ್ಬ. ಪಕ್ಕದಲ್ಲಿ ನಿಂತವಳು ಅದೇ ಪೇಮೆಂಟ್ ಸರ್ವಿಸಿನ ಇನ್ನೊಂದು ತುದಿಯನ್ನು ಎರಡು ದಿನದಿಂದ ಕೆದಕುತ್ತಿದ್ದಾಳೆ. ಇಬ್ಬರೂ ಹತ್ತು ನಿಮಿಷ ಜೊತೆಗೆ ಕೂತರೆ ತೊಡಕು ಬಿಡಿಸಿಕೊಳ್ಳುತ್ತದೆ. ಆದರೆ ಅವಳು ತನ್ನ ಸರದಿಗೆ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿರುವುದರಿಂದ ಅವನ ಮಾತು ಅವಳ ಕಿವಿಗೆ ಬೀಳುವುದಿಲ್ಲ. ಟೆಸ್ಟಿಂಗ್ ಸರ್ವರ್ ನಿನ್ನೆ ಮಧ್ಯಾಹ್ನದಿಂದ ಕೆಟ್ಟು ನಿಂತಿದೆ. ಹೇಳಿದರೆ ‘ನಿನ್ನೆಯೇ ಯಾಕೆ ಎಸ್ಕಲೇಟ್ ಮಾಡ್ಲಿಲ್ಲ’ ಎಂಬ ಪ್ರಶ್ನೆ ಎದುರಾಗುತ್ತದೆಂದು ಟೆಸ್ಟರ್ ಸುಮ್ಮನಿದ್ದಾರೆ. ಹದಿನೈದು ನಿಮಿಷಕ್ಕೆ ಸಭೆ ಮುಗಿಯುತ್ತದೆ. ಸಮಯಪಾಲನೆಯಲ್ಲಿ ಲೋಪವಿಲ್ಲ.

ಸ್ಕ್ರಮ್‌ನ ಅಧಿಕೃತ ಕೈಪಿಡಿಯ ಪ್ರಕಾರ ಈ ಸಭೆ ಕೆಲಸ ಮಾಡುವವರದು: ಗುರಿಯತ್ತ ಎಷ್ಟು ಬಂದೆವು ಎಂದು ನೋಡಿಕೊಂಡು, ಇವತ್ತಿನ ದಿನವನ್ನು ತಮ್ಮತಮ್ಮಲ್ಲೇ ಮರುಜೋಡಿಸಿಕೊಳ್ಳುವುದಕ್ಕೆ ಇರುವುದು. ‘ನಿನ್ನೆ ಏನು, ಇವತ್ತು ಏನು, ಅಡ್ಡಿ ಏನು’ ಎಂಬ ಮೂರು ಪ್ರಶ್ನೆಗಳು ಎಲ್ಲೆಡೆ ಮಂತ್ರದಂತೆ ಆಗಿಹೋದವು. 2020ರ ಪರಿಷ್ಕರಣೆಯಲ್ಲಿ ಕೈಪಿಡಿಯಿಂದ ಅವನ್ನು ಕೈಬಿಡಲಾಯಿತು. ತಂಡಗಳು ಮಾತ್ರ ಇನ್ನೂ ಬಿಟ್ಟಿಲ್ಲ. ಒಬ್ಬರಿಗೊಬ್ಬರು ಹೇಳಿಕೊಳ್ಳಬೇಕಾದ ಮಾತು ಮೇಲಿನವರಿಗೆ ಒಪ್ಪಿಸುವ ವರದಿಯಾದಾಗ, ಅಡ್ಡಿಯನ್ನು ಮುಚ್ಚಿಡುವುದೇ ಜಾಣತನ ಅನ್ನಿಸುತ್ತದೆ. ಇದು ತಂಡದವರ ದೋಷವಲ್ಲ. ಕೆಟ್ಟ ಸುದ್ದಿ ತಂದವರನ್ನೇ ಪ್ರಶ್ನಿಸುವ ಕಡೆ ಯಾರೂ ಕೆಟ್ಟ ಸುದ್ದಿ ತರುವುದಿಲ್ಲ.

ಕಳೆದ ಎರಡು ವಾರ ಹೇಗೆ ಕೆಲಸ ಮಾಡಿದೆವು ಎಂದು ಹಿಂತಿರುಗಿ ನೋಡುವ ರೆಟ್ರೊ ಸಭೆಯ ಪಾಡೂ ಇದೇ. ಬಣ್ಣದ ಚೀಟಿಗಳಲ್ಲಿ ದೂರುಗಳು ತುಂಬುತ್ತವೆ; ಬಗೆಹರಿಸುವ ಶಕ್ತಿಯಿರುವ ಯಾರೂ ಅವನ್ನು ಓದುವುದಿಲ್ಲ. ಮೂರನೆಯ ರೆಟ್ರೊಗೂ ಅದೇ ಚೀಟಿ ಬಂದರೆ ನಾಲ್ಕನೆಯದಕ್ಕೆ ಯಾರೂ ಬಾಯಿ ಬಿಡುವುದಿಲ್ಲ.

ಅಂಕಗಳ ಮೋಹ

ಅಜೈಲ್ ತಂಡಗಳಲ್ಲಿ ಕೆಲಸದ ಗಾತ್ರ ಅಳೆಯುವ ಸ್ಟೋರಿ ಪಾಯಿಂಟಿನಷ್ಟು ಜಗಳಕ್ಕೆ ಕಾರಣವಾಗುವುದು ಇನ್ನೊಂದಿಲ್ಲ. ಅದರ ಹುಟ್ಟು ತಿಳಿದರೆ ಜಗಳದ ಕಾರಣವೂ ತಿಳಿಯುತ್ತದೆ. ಕೆಲಸವನ್ನು ಮೊದಲು ‘ಆದರ್ಶ ದಿನ’ಗಳಲ್ಲಿ ಅಳೆಯುತ್ತಿದ್ದರು. ಯಾರೂ ಅಡ್ಡ ಬರದೆ ಇಬ್ಬರು ಕೂತು ಮಾಡಿದರೆ ಎಷ್ಟು ದಿನ ಎಂಬ ಲೆಕ್ಕ ಅದು. ಸಭೆ, ಫೋನು, ಬೇರೆ ತುರ್ತು ಎಲ್ಲ ಸೇರಿ ನಿಜವಾಗಿ ಸುಮಾರು ಮೂರು ಪಟ್ಟು ಸಮಯ ಹಿಡಿಯುತ್ತಿತ್ತು. ಒಂದು ದಿನದ ಕೆಲಸಕ್ಕೆ ಮೂರು ದಿನ ಏಕೆ ಎಂದು ಹೊರಗಿನವರು ಕೇಳತೊಡಗಿದರು. ಆಗ ‘ದಿನ’ ಎಂಬ ಪದವನ್ನೇ ಬಿಟ್ಟು ‘ಪಾಯಿಂಟ್’ ಎಂದರು. ಇದನ್ನು ವಿವರಿಸಿದವರು ಕ್ರೈಸ್ಲರ್ ಯೋಜನೆಯಲ್ಲಿದ್ದ, ಸ್ನೋಬರ್ಡ್ ಘೋಷಣೆಗೂ ಸಹಿ ಹಾಕಿದ ರಾನ್ ಜೆಫ್ರೀಸ್. ಪಾಯಿಂಟನ್ನು ತಾನೇ ಕಂಡುಹಿಡಿದಿರಬಹುದು, ಹಾಗಿದ್ದರೆ ಅದಕ್ಕೀಗ ವಿಷಾದವಿದೆ ಎಂದು ಅವರು ಮುಂದೆ ಬರೆದರು.

ಸ್ಪ್ರಿಂಟ್ ಎಂಬ ಎರಡು ವಾರದ ಒಂದು ಕಂತಿನಲ್ಲಿ ಮುಗಿಸಿದ ಪಾಯಿಂಟುಗಳ ಮೊತ್ತವನ್ನು ವೆಲಾಸಿಟಿ ಎನ್ನುತ್ತಾರೆ. ಮುಂದಿನ ಎರಡು ವಾರಕ್ಕೆ ಎಷ್ಟು ಕೆಲಸ ಎತ್ತಿಕೊಳ್ಳಬಹುದು ಎಂದು ತಂಡ ತನಗಾಗಿ ಇಟ್ಟುಕೊಳ್ಳುವ ಅಂದಾಜು ಅದು, ಮನೆಯ ದಿನಸಿ ಲೆಕ್ಕದ ಹಾಗೆ. ‘ಹೋದ ಸಲ 32 ಆಯ್ತು, ಈ ಸಲ 40 ಆಗ್ಬೇಕು’ ಎಂದು ಮೇಲಿನಿಂದ ಬಂದ ದಿನವೇ ಆ ಅಂದಾಜು ಸಾಯುತ್ತದೆ. ಮೂರು ಪಾಯಿಂಟಿನ ಕೆಲಸಕ್ಕೆ ಐದು ಎಂದು ಬೀಳುತ್ತದೆ, ಐದರದ್ದು ಎಂಟಾಗುತ್ತದೆ. ಮೂರು ತಿಂಗಳಲ್ಲಿ ವೆಲಾಸಿಟಿ ಏರಿರುತ್ತದೆ, ಬಳಕೆದಾರರ ಕೈಗೆ ಹೆಚ್ಚೇನೂ ಬಂದಿರುವುದಿಲ್ಲ. ಅಳತೆಯನ್ನು ಗುರಿಯಾಗಿ ಮಾಡಿಕೊಂಡರೆ ಅದು ಅಳತೆಯಾಗಿ ಉಳಿಯುವುದಿಲ್ಲ ಎಂಬ ಈ ವಿದ್ಯಮಾನ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರಿನಲ್ಲಿ ಪ್ರಸಿದ್ಧ. ಎರಡು ತಂಡಗಳ ವೆಲಾಸಿಟಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಇನ್ನೂ ದೊಡ್ಡ ಅನ್ಯಾಯ. ಒಂದು ಸೇರಿನಲ್ಲಿ ಅಳೆದದ್ದು, ಇನ್ನೊಂದು ಬೊಗಸೆಯಲ್ಲಿ ಅಳೆದದ್ದು.

ಜೇಮ್ಸ್ ಗ್ರೆನಿಂಗ್ 2002ರಲ್ಲಿ ರೂಪಿಸಿದ ಪ್ಲಾನಿಂಗ್ ಪೋಕರ್‌ನಲ್ಲಿ ಎಲ್ಲರೂ ತಮ್ಮ ಅಂದಾಜಿನ ಚೀಟಿಯನ್ನು ಒಮ್ಮೆಲೇ ತೋರಿಸುತ್ತಾರೆ. ಒಬ್ಬ 2 ಎಂದು, ಇನ್ನೊಬ್ಬಳು 13 ಎಂದು ತೋರಿಸಿದರೆ ಅಲ್ಲೇ ಆಟದ ಫಲ ಇರುವುದು. ಹಳೆಯ ಡೇಟಾಬೇಸಿನಲ್ಲಿ ಗ್ರಾಹಕರ ವಿಳಾಸ ಮೂರು ಕಡೆ ಮೂರು ಥರ ಇದೆ ಎಂಬುದು ಅವಳಿಗೆ ಮಾತ್ರ ಗೊತ್ತಿರುತ್ತದೆ, ಕೇಳಿದರೆ ಹೇಳುತ್ತಾಳೆ. ಅವಸರದ ತಂಡ ಕೇಳುವುದಿಲ್ಲ. ‘ಸರಿ, 8 ಹಾಕೋಣ’ ಎಂದು ಮುಂದಿನ ಟಿಕೆಟ್ಟಿಗೆ ಹೋಗುತ್ತದೆ.

ತಾಂತ್ರಿಕ ಶಿಸ್ತನ್ನು ಕೈಬಿಡುವುದು

2009ರಲ್ಲಿ ಮಾರ್ಟಿನ್ ಫೌಲರ್ ಬರೆದ ಒಂದು ಸಣ್ಣ ಟಿಪ್ಪಣಿ ಈ ತಪ್ಪಿಗೆ ‘ಸತ್ವಹೀನ ಸ್ಕ್ರಮ್’ ಎಂಬರ್ಥದ ಹೆಸರಿಟ್ಟಿತು. ತಂಡ ಸ್ಕ್ರಮ್ ಶುರುಮಾಡುತ್ತದೆ, ಕೆಲವು ತಿಂಗಳು ಹುರುಪಿನಿಂದ ಸಾಗುತ್ತದೆ, ಆಮೇಲೆ ಕೋಡು ಗೋಜಲಾಗಿ ಪ್ರತಿ ಹೆಜ್ಜೆಯೂ ಭಾರವಾಗುತ್ತದೆ. ಸ್ಕ್ರಮ್ ಸಭೆಗಳ ಬಗ್ಗೆ ಹೇಳುತ್ತದೆಯೇ ಹೊರತು ಕೋಡನ್ನು ಹೇಗೆ ಬರೆಯಬೇಕೆಂದು ಹೇಳುವುದಿಲ್ಲ. ಎಕ್ಸ್‌ಟ್ರೀಮ್ ಪ್ರೋಗ್ರಾಮಿಂಗ್ ಹೇಳುತ್ತದೆ: ತನ್ನಿಂತಾನೇ ನಡೆಯುವ ಪರೀಕ್ಷೆಗಳು, ದಿನಕ್ಕೆ ಹಲವು ಬಾರಿ ಎಲ್ಲರ ಕೋಡನ್ನೂ ಒಂದುಗೂಡಿಸುವುದು, ನಡೆಯುತ್ತಿರುವ ಕೋಡನ್ನು ಆಗಾಗ ಅಚ್ಚುಕಟ್ಟು ಮಾಡುವುದು, ಇಬ್ಬರು ಕೂತು ಬರೆಯುವುದು. ಸಭೆಯನ್ನು ನಾಳೆಯಿಂದಲೇ ಶುರುಮಾಡಬಹುದು, ಎರಡು ದಿನದ ತರಬೇತಿಯಿಂದ ಸ್ಕ್ರಮ್ ಮಾಸ್ಟರ್ ಪ್ರಮಾಣಪತ್ರವನ್ನೂ ಪಡೆಯಬಹುದು. ಪರೀಕ್ಷೆ ಬರೆಯುವ ಕೈ ಪಳಗಲು ವರ್ಷಗಳು ಬೇಕು. ಸುಲಭದ್ದು ಹರಡಿತು, ಕಷ್ಟದ್ದು ಹಿಂದೆ ಉಳಿಯಿತು.

ಈ ಶಿಸ್ತು ಇಲ್ಲದ ಸ್ಪ್ರಿಂಟ್ ಹೇಗೆ ಕಳೆಯುತ್ತದೆ ಎಂದು ದಿನ ಎಣಿಸಿದರೆ ಸಾಕು. ಕೆಲಸದ ಹತ್ತು ದಿನಗಳಲ್ಲಿ ಎಂಟನೆಯ ದಿನದ ಸಂಜೆಯವರೆಗೆ ಕೋಡಿಂಗ್. ಒಂಬತ್ತನೆಯ ದಿನ ಆರು ಟಿಕೆಟ್ ಒಟ್ಟಿಗೆ ಟೆಸ್ಟರ್ ಮುಂದೆ ಬೀಳುತ್ತವೆ. ಕೈಯಿಂದಲೇ ಪರೀಕ್ಷಿಸುವ ಅವರು ಎರಡನ್ನು ಮುಗಿಸುವಷ್ಟರಲ್ಲಿ ಹತ್ತನೆಯ ದಿನದ ಡೆಮೊ ಬರುತ್ತದೆ. ಉಳಿದ ನಾಲ್ಕು ಟಿಕೆಟ್, ಕೋಡಿಂಗ್ ಮಾತ್ರ ಮುಗಿದಿದೆ ಎಂಬರ್ಥದ ‘ಡೆವ್ ಡನ್’ ಹೆಸರಿನಲ್ಲಿ ಮುಂದಿನ ಸ್ಪ್ರಿಂಟಿಗೆ ಉರುಳುತ್ತವೆ. ಹೆಸರಿಗೆ ಸ್ಪ್ರಿಂಟ್, ಒಳಗೆ ಎರಡು ವಾರದ ವಾಟರ್‌ಫಾಲ್. ‘ಡೆವ್ ಡನ್’ ಎಂಬ ಪದ ತಂಡದ ಬಾಯಲ್ಲಿ ಸಲೀಸಾಗಿ ಓಡಾಡುತ್ತಿದ್ದರೆ, ‘ಮುಗಿದಿದೆ’ ಎಂದರೇನು ಎಂದು ಆ ತಂಡ ಇನ್ನೂ ನಿರ್ಧರಿಸಿಕೊಂಡಿಲ್ಲ ಎಂದೇ ಅರ್ಥ.

ಹೀಗೆ ಹಾಕಿದ ತೇಪೆಗಳನ್ನು ವಾರ್ಡ್ ಕನ್ನಿಂಗ್‌ಹ್ಯಾಮ್ 1992ರಲ್ಲಿ ಸಾಲಕ್ಕೆ ಹೋಲಿಸಿದರು. ಬೇಗ ಮುಟ್ಟಿಸಲು ಸ್ವಲ್ಪ ಸಾಲ ಮಾಡಬಹುದು, ಬೇಗ ತೀರಿಸುವುದಾದರೆ. ತೀರಿಸದೆ ಬಿಟ್ಟರೆ ಮುಂದಿನ ಪ್ರತಿ ಕೆಲಸವೂ ಬಡ್ಡಿ ಕಟ್ಟುತ್ತಲೇ ಸಾಗಬೇಕು. ಮಾಡಬೇಕಾದ ಕೆಲಸಗಳ ಪಟ್ಟಿಯಾದ ಬ್ಯಾಕ್‌ಲಾಗಿನಲ್ಲಿ ಈ ಸಾಲ ತೀರಿಸುವ ಟಿಕೆಟ್ ಯಾವಾಗಲೂ ಕೆಳಗೇ ಉಳಿಯುತ್ತದೆ. ಅದನ್ನು ಮೇಲೆತ್ತುವ ಮಾತು ತಂಡದ ಕೈಯಲ್ಲಿಲ್ಲ.

ತೀರ್ಮಾನ ಯಾರದು?

ಬ್ರಿಟನ್ನಿನ ಯೂನಿವರ್ಸಲ್ ಕ್ರೆಡಿಟ್ ಯೋಜನೆ ಈ ವಿಷಯದಲ್ಲಿ ದೊಡ್ಡ ಪಾಠ. ನಿರುದ್ಯೋಗ ಭತ್ಯೆ, ಮನೆ ಬಾಡಿಗೆಯ ನೆರವು, ಮಕ್ಕಳ ತೆರಿಗೆ ವಿನಾಯಿತಿ ಮುಂತಾದ ಆರು ಸೌಲಭ್ಯಗಳನ್ನು ಒಂದೇ ಪಾವತಿಯಾಗಿ ಬೆಸೆಯುವ ಕೆಲಸ ಅದು. ಲಕ್ಷಾಂತರ ಬಡ ಕುಟುಂಬಗಳ ತಿಂಗಳ ಊಟ ಅದನ್ನು ಅವಲಂಬಿಸಿತ್ತು. ಕೆಲಸ ಮತ್ತು ಪಿಂಚಣಿ ಇಲಾಖೆ ಅದನ್ನು ಅಜೈಲ್ ವಿಧಾನದಲ್ಲಿ ಮಾಡುವುದಾಗಿ ಹೊರಟಿತು. ಇಷ್ಟು ದೊಡ್ಡದನ್ನು ಆ ವಿಧಾನದಲ್ಲಿ ಮಾಡಿದ ಅನುಭವ ಇಲಾಖೆಗೆ ಇರಲಿಲ್ಲ. ದೊಡ್ಡ ಪೂರೈಕೆದಾರರೊಂದಿಗಿನ ಕರಾರುಗಳು, ಅನುಮೋದನೆಯ ಮೆಟ್ಟಿಲುಗಳು, ಲೆಕ್ಕ ಒಪ್ಪಿಸುವ ಕ್ರಮ ಎಲ್ಲವೂ ಹಳೆಯ ವಿಧಾನಕ್ಕೆ ಹೊಲಿದ ಅಂಗಿಗಳು. ದೇಶದಾದ್ಯಂತ ಜಾರಿಯ ದಿನಾಂಕ ಮೊದಲೇ ಘೋಷಣೆಯಾಗಿತ್ತು: 2013ರ ಅಕ್ಟೋಬರ್. 2013ರ ಆರಂಭದಲ್ಲಿ ಸರ್ಕಾರದ್ದೇ ಪರಿಶೀಲನೆ ಗಂಭೀರ ಆತಂಕ ವ್ಯಕ್ತಪಡಿಸಿದ್ದರಿಂದ ಯೋಜನೆಯನ್ನು ತಡೆದು ಮರುರೂಪಿಸಬೇಕಾಯಿತು. ಆ ವರ್ಷದ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಲೆಕ್ಕಪರಿಶೋಧನಾ ಕಚೇರಿಯ ವರದಿ ಹೊರಬಿತ್ತು. ಕಟ್ಟಿದ ತಂತ್ರಾಂಶದಲ್ಲಿ 3.4 ಕೋಟಿ ಪೌಂಡ್ ಮೌಲ್ಯದ್ದನ್ನು ನಷ್ಟವೆಂದು ಬರೆದುಹಾಕಲಾಗಿತ್ತು. ಆಮೇಲೆ ಸಣ್ಣ ತಂಡವೊಂದು ಹೊಸದಾಗಿ ಕಟ್ಟಿದ ವ್ಯವಸ್ಥೆಯನ್ನು 2014ರ ನವೆಂಬರಿನಲ್ಲಿ ಲಂಡನ್ನಿನ ಸಟನ್ ಪ್ರದೇಶದ ಕೆಲವೇ ಜನರೊಂದಿಗೆ ಪರೀಕ್ಷೆಗೆ ಇಡಲಾಯಿತು. ಮೊದಲೇ ಹೀಗೆ ಶುರುಮಾಡಬಹುದಿತ್ತು. ದಿನಾಂಕವನ್ನು ಸಾರಿಬಿಟ್ಟವರಿಗೆ ಸಣ್ಣದಾಗಿ ಶುರುಮಾಡುವುದೇ ಅತಿ ಕಷ್ಟ.

ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐಯ ಕಡತ ವ್ಯವಸ್ಥೆ ಸೆಂಟಿನೆಲ್ ಇದಕ್ಕೆ ತಿರುಗುಮುರುಗು. ಕಡತಗಳನ್ನು ಗಣಕಕ್ಕೆ ತರುವ ಆ ಸಂಸ್ಥೆಯ ಹಿಂದಿನ ಯತ್ನವನ್ನು 17 ಕೋಟಿ ಡಾಲರ್ ಖರ್ಚಾದಮೇಲೆ 2005ರಲ್ಲಿ ಕೈಬಿಡಲಾಗಿತ್ತು. ಸೆಂಟಿನೆಲ್ ಕೂಡ ಗುತ್ತಿಗೆದಾರರ ಕೈಯಲ್ಲಿ ತಡವಾಗುತ್ತ ಹೋದಾಗ, 2010ರಲ್ಲಿ ಸಂಸ್ಥೆ ಕೆಲಸವನ್ನು ತನ್ನ ನೇರ ನಿರ್ವಹಣೆಗೆ ತಂದು, ಎರಡು ವಾರದ ಸ್ಪ್ರಿಂಟುಗಳಲ್ಲಿ ಸಾಗಿ, 2012ರ ಜುಲೈನಲ್ಲಿ ಎಲ್ಲರ ಬಳಕೆಗೆ ಬಿಟ್ಟಿತು. ಸ್ಪ್ರಿಂಟಿನಿಂದಲೇ ಗೆಲುವು ಬಂತು ಎನ್ನುವವರಿದ್ದಾರೆ. ತೀರ್ಮಾನಿಸುವವರೂ ಕಟ್ಟುವವರೂ ಒಂದೇ ಸೂರಿನಡಿ ಬಂದದ್ದು ಅದಕ್ಕಿಂತ ದೊಡ್ಡ ಕಾರಣ ಎಂಬುದು ಈ ಲೇಖಕನ ಅಭಿಪ್ರಾಯ.

ತಂಡದ ಮಟ್ಟದಲ್ಲಿ ಈ ತೊಂದರೆ ಪ್ರಾಡಕ್ಟ್ ಓನರ್ ರೂಪದಲ್ಲಿ ಕಾಣುತ್ತದೆ. ಯಾವುದು ಮೊದಲು, ಯಾವುದು ಬೇಡ ಎಂದು ಹೇಳಬೇಕಾದವರು ಅವರು. ‘ಬೇಡ’ ಎನ್ನುವ ಹಕ್ಕು ಇಲ್ಲದವರನ್ನು ಆ ಜಾಗದಲ್ಲಿ ಕೂರಿಸಿದರೆ, ಮೇಲಿನವರ ಬೇಡಿಕೆಗಳನ್ನು ಟಿಕೆಟ್ಟಿಗೆ ಇಳಿಸುವ ಗುಮಾಸ್ತಿಕೆಯಷ್ಟೇ ಅವರಿಗೆ ಉಳಿಯುತ್ತದೆ.

ದೊಡ್ಡ ಸಂಸ್ಥೆಗಳು ಬೇರೆಯವರ ನಕ್ಷೆಯನ್ನು ನಕಲು ಮಾಡುವುದೂ ಸಾಮಾನ್ಯ. ಸ್ವೀಡನ್ನಿನ ಸ್ಪಾಟಿಫೈ ಕಂಪನಿಯ ತಂಡಗಳ ಏರ್ಪಾಡನ್ನು ಹೆನ್ರಿಕ್ ಕ್ನಿಬರ್ಗ್ ಮತ್ತು ಆಂಡರ್ಸ್ ಇವಾರ್ಸನ್ 2012ರಲ್ಲಿ ವಿವರಿಸಿದರು. ಇದು ಈ ಹೊತ್ತಿನ ಚಿತ್ರ, ಬದಲಾಗುತ್ತಿದೆ ಎಂದೂ ಅವರು ತಿಳಿಸಿದ್ದರು. ಜಗತ್ತಿನ ಬ್ಯಾಂಕುಗಳು ಅದನ್ನು ಮಾದರಿಯೆಂದು ಹಿಡಿದವು, ಇಲಾಖೆಗಳಿಗೆ ಸ್ಪಾಟಿಫೈನಂತೆ ಸ್ಕ್ವಾಡ್, ಟ್ರೈಬ್ ಎಂದು ಹೊಸ ಫಲಕ ತೂಗಿದವು. ಸಂಸ್ಥೆಯೊಳಗೆ ಯಾರು ಯಾರೊಡನೆ ಮಾತಾಡುತ್ತಾರೋ ಅದೇ ಆಕಾರವನ್ನು ಅದು ಕಟ್ಟುವ ವ್ಯವಸ್ಥೆಯೂ ಪಡೆಯುತ್ತದೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದಿದ್ದರು. ಫಲಕ ಬದಲಾದಾಗ ಆ ಮಾತುಕತೆಯ ದಾರಿ ಬದಲಾಗುವುದಿಲ್ಲ.

ಭಾರತದಲ್ಲಿ

ಭಾರತದ ತಂತ್ರಾಂಶ ಉದ್ಯಮಕ್ಕೆ 1990ರ ದಶಕದಲ್ಲಿ ಹೆಸರು ತಂದದ್ದು ಪ್ರಕ್ರಿಯೆಯ ಶಿಸ್ತು. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಸ್ಥೆ ರೂಪಿಸಿದ ಸಿಎಂಎಂ ಅಳತೆಗೋಲಿನಲ್ಲಿ ಅತ್ಯುನ್ನತವಾದ ಐದನೆಯ ಮಟ್ಟ ಮುಟ್ಟಿದ ಜಗತ್ತಿನ ಮೊದಮೊದಲ ಘಟಕಗಳಲ್ಲಿ ಮೊಟೊರೊಲಾದ ಬೆಂಗಳೂರು ಘಟಕವೂ ಒಂದು. ದೂರದ ಗ್ರಾಹಕರಿಗೆ ನಂಬಿಕೆ ಹುಟ್ಟಿಸಲು ಆ ಶಿಸ್ತು ಬೇಕೇ ಇತ್ತು. ಮೊದಲೇ ಬರೆದ ಅಗತ್ಯಗಳ ಪಟ್ಟಿ, ಮೊದಲೇ ಒಪ್ಪಿದ ಬೆಲೆ, ಬದಲಾವಣೆಗೆ ಪ್ರತ್ಯೇಕ ಅರ್ಜಿ ಮತ್ತು ಪ್ರತ್ಯೇಕ ಬಿಲ್ಲು: ಇದರ ಮೇಲೆಯೇ ಸೇವಾ ಕಂಪನಿಗಳ ವ್ಯವಹಾರ ನಿಂತಿತು. ಕರಾರು ಹಾಗೆಯೇ ಇದ್ದು ತಂಡ ಮಾತ್ರ ಅಜೈಲ್ ಆದರೆ, ಡೆಮೊದಲ್ಲಿ ಗ್ರಾಹಕರು ‘ಇದು ಹೀಗಲ್ಲ, ಹಾಗಿರಲಿ’ ಎಂದದ್ದು ಕಲಿಕೆಯಾಗದೆ ವಿವಾದವಾಗುತ್ತದೆ.

ಗಡಿಯಾರದ್ದು ಇನ್ನೊಂದು ಕಷ್ಟ. ಕ್ಯಾಲಿಫೋರ್ನಿಯಾಕ್ಕೂ ಬೆಂಗಳೂರಿಗೂ ಬೇಸಿಗೆಯಲ್ಲಿ ಹನ್ನೆರಡೂವರೆ, ಚಳಿಗಾಲದಲ್ಲಿ ಹದಿಮೂರೂವರೆ ಗಂಟೆಯ ಅಂತರ. ಬೆಳಗ್ಗೆ ಹನ್ನೊಂದಕ್ಕೆ ಇಲ್ಲಿ ಎದ್ದ ಸಂದೇಹಕ್ಕೆ ಉತ್ತರ ಸಿಗುವುದು ರಾತ್ರಿ ಒಂಬತ್ತೂವರೆಯ ಕಾಲ್‌ನಲ್ಲಿ, ಮಕ್ಕಳನ್ನು ಮಲಗಿಸುವ ಹೊತ್ತಿನಲ್ಲಿ. ದಿನಕ್ಕೊಂದು ಪ್ರಶ್ನೆ, ಒಂದು ಉತ್ತರ. ಹತ್ತು ದಿನದ ಸ್ಪ್ರಿಂಟಿಗೆ ಹತ್ತೇ ಉತ್ತರ. ಅಷ್ಟರಲ್ಲಿ ಊಹೆಯ ಮೇಲೆ ಬರೆದ ಕೋಡೇ ಹೆಚ್ಚು. ಥಾಟ್‌ವರ್ಕ್ಸ್ ಕಂಪನಿ 2000ರ ದಶಕದ ಆರಂಭದಲ್ಲಿ ಬೆಂಗಳೂರಿನಲ್ಲಿ ಕಚೇರಿ ತೆರೆದು ಅಜೈಲ್ ವಿಧಾನದಲ್ಲೇ ದೂರದ ತಂಡ ನಡೆಸಿದಾಗ ಕಲಿತದ್ದನ್ನು ಫೌಲರ್ ವಿವರವಾಗಿ ಬರೆದಿದ್ದಾರೆ. ಎರಡೂ ಕಡೆಯ ಜನ ಆಗಾಗ ಬಂದು ಕೆಲವು ವಾರ ಜೊತೆಗೆ ಕೂರುವುದಕ್ಕೆ ಸಮನಾದ ಸಾಧನವಿಲ್ಲ ಎಂಬುದು ಅದರಲ್ಲಿ ಮುಖ್ಯ. ಹಿರಿಯರನ್ನು ಪ್ರಶ್ನಿಸಲು, ಗಡುವು ಅಸಾಧ್ಯವೆಂದು ಹೇಳಲು ಜನ ಹಿಂಜರಿಯುವುದನ್ನೂ ಅವರು ಗುರುತಿಸಿದ್ದರು. ನಮ್ಮಲ್ಲಿ ಅದು ಎಲ್ಲರಿಗೂ ಗೊತ್ತಿರುವ ಭಾಷೆ: “ಟ್ರೈ ಮಾಡ್ತೀವಿ ಸರ್” ಎಂದರೆ ಆಗುವುದಿಲ್ಲ ಎಂದರ್ಥ. ಆಚೆ ಕೂತವರಿಗೆ ಅದು ಒಪ್ಪಿಗೆಯಂತೆ ಕೇಳಿಸುತ್ತದೆ. ತಂಡವಾಗಿ ಕೆಲಸ ಮಾಡಿ ಎಂದು ಹೇಳಿ ವರ್ಷದ ಕೊನೆಗೆ ಒಬ್ಬೊಬ್ಬರಿಗೂ ಬೇರೆ ಬೇರೆ ರೇಟಿಂಗ್ ಕೊಡುವ ಕ್ರಮ ಈ ಹಿಂಜರಿಕೆಯನ್ನು ಇನ್ನಷ್ಟು ಗಟ್ಟಿ ಮಾಡಿದೆ.

ಭಾರತದ್ದೇ ಒಂದು ತಂಡ ಇದಕ್ಕೆ ಬೇರೆ ದಾರಿ ತೋರಿಸಿದ್ದೂ ಇದೆ. ಮೈಕ್ರೊಸಾಫ್ಟಿನ ಒಳಬಳಕೆಯ ತಂತ್ರಾಂಶಗಳ ದುರಸ್ತಿ ನೋಡಿಕೊಳ್ಳುತ್ತಿದ್ದ ಹೈದರಾಬಾದಿನ ಸಣ್ಣ ತಂಡ 2004ರಲ್ಲಿ ತನ್ನ ವಿಭಾಗದಲ್ಲೇ ಅತಿ ಕಳಪೆ ಎಂಬ ಹೆಸರು ಹೊತ್ತಿತ್ತು. ಒಂದು ಕೋರಿಕೆ ಮುಗಿಯಲು ಐದು ತಿಂಗಳು. ಅದರ ಮ್ಯಾನೇಜರ್ ದ್ರಾಗೋಶ್ ದುಮಿತ್ರಿಯು ಮತ್ತು ಅವರಿಗೆ ಸಲಹೆ ನೀಡಿದ ಡೇವಿಡ್ ಆಂಡರ್ಸನ್ ಕೆಲಸ ಎಲ್ಲಿ ನಿಲ್ಲುತ್ತದೆ ಎಂದು ಹುಡುಕಿದರು. ಪ್ರತಿ ಹೊಸ ಕೋರಿಕೆಗೂ 48 ಗಂಟೆಯೊಳಗೆ ಅಂದಾಜು ಕೊಡಬೇಕಿತ್ತು. ಅಂದಾಜು ಹಾಕುವುದರಲ್ಲೇ ತಂಡದ ಶಕ್ತಿಯ ದೊಡ್ಡ ಪಾಲು ಹೋಗುತ್ತಿತ್ತು, ಅಂದಾಜು ಹಾಕಿದ ಎಷ್ಟೋ ಕೋರಿಕೆಗಳನ್ನು ಯಾರೂ ಮಾಡಿಸುತ್ತಲೇ ಇರಲಿಲ್ಲ. ಅಂದಾಜನ್ನು ನಿಲ್ಲಿಸಲಾಯಿತು. ಒಮ್ಮೆಗೆ ಕೈಯಲ್ಲಿ ಇಷ್ಟೇ ಕೆಲಸ ಎಂಬ ಮಿತಿ ಹಾಕಲಾಯಿತು. ಒಂದು ಜಾಗ ಖಾಲಿಯಾದರೆ ಮುಂದಿನದು ಯಾವುದು ಎಂದಷ್ಟೇ ಕೋರಿಕೆದಾರರು ಆರಿಸಬೇಕಿತ್ತು. ಸ್ಪ್ರಿಂಟ್ ಇರಲಿಲ್ಲ, ಪಾಯಿಂಟ್ ಇರಲಿಲ್ಲ, ಹೊಸ ಸಭೆಯೂ ಇರಲಿಲ್ಲ. ಒಂಬತ್ತು ತಿಂಗಳಲ್ಲಿ ಐದು ತಿಂಗಳ ಕಾಯುವಿಕೆ ಸುಮಾರು ಎರಡು ವಾರಕ್ಕೆ ಇಳಿದು, ಅದುವರೆಗೆ ಬೆಟ್ಟದಂತೆ ಬೆಳೆದಿದ್ದ ಬ್ಯಾಕ್‌ಲಾಗ್ ಕರಗಿತು.